ಗುರುತು ಕಳೆದ ದಾಖಲೆ: ಪಠ್ಯವಿಶ್ಲೇಷಣ ತಂತ್ರಾಂಶದ ದೋಷಶೋಧನೆ ಮತ್ತು ಗ್ರಂಥಸಂಪಾದನ ವಿವೇಕ

1. ಪ್ರಸ್ತಾವನೆ

ಪ್ರಾಚೀನ ಪಠ್ಯಗಳ ಅಧ್ಯಯನದಲ್ಲಿ ಗಣಕಯಂತ್ರದ ಬಳಕೆ ಇಂದು ಹೊಸ ಸಂಗತಿಯೇನೂ ಅಲ್ಲ. ಪದಪ್ರಯೋಗಗಳನ್ನು ಹುಡುಕುವುದು, ಪದಗಳ ಆವರ್ತನವನ್ನು ಎಣಿಸುವುದು, ಒಬ್ಬ ವಚನಕಾರರ ಶಬ್ದಸಂಪತ್ತನ್ನು ಮತ್ತೊಬ್ಬರದರೊಡನೆ ಹೋಲಿಸುವುದು ಮೊದಲಾದ ಕಾರ್ಯಗಳು ಹಿಂದೆ ಚೀಟಿಗಳನ್ನು ಬರೆದು ಜೋಡಿಸುವ ದೀರ್ಘಕಾಲದ ಶ್ರಮವನ್ನು ಬೇಡುತ್ತಿದ್ದವು. ಈಗ ಅವೇ ಕಾರ್ಯಗಳನ್ನು ಪಠ್ಯವಿಶ್ಲೇಷಣ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ. ಆದರೆ ಚೀಟಿಯ ಕಾಲದಲ್ಲಿ ಸಂಶೋಧಕನ ಕಣ್ಣು ಪ್ರತಿಯೊಂದು ಪ್ರಯೋಗದ ಮೇಲೂ ಹಾಯುತ್ತಿತ್ತು. ತಂತ್ರಾಂಶದಲ್ಲಿ ಕಣ್ಣಿಗೆ ಬೀಳುವುದು ಫಲಿತಾಂಶ ಮಾತ್ರ. ಆ ಫಲಿತಾಂಶದೊಳಗೆ ಬಾರದೆ ಉಳಿದುದು ಯಾವುದು ಎಂಬ ಪ್ರಶ್ನೆಯನ್ನು ತಂತ್ರಾಂಶ ತಾನಾಗಿ ಎತ್ತುವುದಿಲ್ಲ.

ಹೀಗೆ ಬಾರದೆ ಉಳಿಯುವ ದಾಖಲೆಗಳಿಗೆ ಇರುವ ಕಾರಣಗಳಲ್ಲಿ ಮುಖ್ಯವಾದುದು ದತ್ತಸಂಚಯದಲ್ಲಿ ದಾಖಲೆಯ ಗುರುತುಸಂಖ್ಯೆ, ಎಂದರೆ ಐಡಿ, ಇಲ್ಲದೆ ಹೋಗುವುದು. ಪಠ್ಯ ಸಂಚಯದಲ್ಲಿಯೇ ಇರುತ್ತದೆ. ಆದರೆ ಅದನ್ನು ಕರ್ತೃವಿನೊಡನೆ ಅಥವಾ ಆಕರದೊಡನೆ ಬೆಸೆಯುವ ಕೊಂಡಿ ಕಳಚಿರುತ್ತದೆ. ಈ ದೋಷ ಹೇಗೆ ಹುಟ್ಟುತ್ತದೆ, ಅದನ್ನು ಯಾವ ಕ್ರಮದಿಂದ ಶೋಧಿಸಬೇಕು, ಶೋಧಿಸಿದ ಮೇಲೆ ಯಾವ ಎಚ್ಚರದಿಂದ ಸರಿಪಡಿಸಬೇಕು ಎಂಬುದನ್ನು ವಚನ ಸಾಹಿತ್ಯದ ಮಾದರಿಯೊಂದನ್ನು ಇಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ತಂತ್ರಜ್ಞರಿಗೆ ಬಿಟ್ಟ ವಿಷಯವಲ್ಲ, ಗ್ರಂಥಸಂಪಾದನ ಶಾಸ್ತ್ರದ ವ್ಯಾಪ್ತಿಗೆ ಸೇರಬೇಕಾದ ವಿಷಯ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

2. ಗುರುತಿನ ಪರಿಕಲ್ಪನೆ: ಅಂಕಿತದಿಂದ ಐಡಿಯವರೆಗೆ

ಪಠ್ಯವೊಂದಕ್ಕೆ ಗುರುತನ್ನು ಕೊಡುವ ಪದ್ಧತಿ ಗಣಕದೊಡನೆ ಬಂದುದಲ್ಲ. ವಚನಗಳ ಮಟ್ಟಿಗೆ ಅಂಕಿತವೇ ಅಂತಹ ಗುರುತು. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕಮಹಾದೇವಿ, ‘ಗುಹೇಶ್ವರ’ ಎಂದೊಡನೆ ಅಲ್ಲಮಪ್ರಭು ನೆನಪಾಗುತ್ತಾರೆ. ಬಿಡಿ ಓಲೆಗಳಲ್ಲಿಯೂ ಸಂಕಲನಗಳಲ್ಲಿಯೂ ಚದುರಿದ್ದ ವಚನಗಳನ್ನು ಕರ್ತೃವಾರು ವಿಂಗಡಿಸಲು ಸಂಪಾದಕರಿಗೆ ಒದಗಿದ ಪ್ರಧಾನ ಆಧಾರ ಇದೇ. ಗುರುತು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ ನಿದರ್ಶನವೂ ಇದೆ. ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಳವಡಿಸಿದ್ದು ವಿವಾದಕ್ಕೆ ಕಾರಣವಾಯಿತು. 1998ರಲ್ಲಿ ರಾಜ್ಯ ಸರ್ಕಾರ ಆ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಅಂಕಿತ ವಚನದ ಕೊನೆಗೆ ಅಂಟಿಸಿದ ಅಲಂಕಾರವಲ್ಲ, ಅದು ಪಠ್ಯದ ಅಸ್ತಿತ್ವಕ್ಕೆ ಸಂಬಂಧಿಸಿದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶಾಸನಗಳ ವಿಷಯದಲ್ಲಿ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆ ಗುರುತಾಗಿ ಬಳಕೆಗೆ ಬಂದವು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಈ ಕ್ರಮ ನೆಲೆಗೊಂಡಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿದಾಗ ಹೊಸದಾಗಿ ದೊರೆತ ಶಾಸನಗಳು ಸೇರಿ ಸಂಖ್ಯೆಗಳು ಬದಲಾದವು. ಆದುದರಿಂದ ಶಾಸನವನ್ನು ಉಲ್ಲೇಖಿಸುವಾಗ ಹಳೆಯ ಸಂಪುಟವೋ ಪರಿಷ್ಕೃತ ಸಂಪುಟವೋ ಎಂದು ಹೇಳದಿದ್ದರೆ ಸಂಖ್ಯೆ ಇದ್ದೂ ಗುರುತು ಕಳೆದಂತೆಯೇ.

ದತ್ತಸಂಚಯದ ಐಡಿ ಈ ಪರಂಪರೆಯ ಮುಂದುವರಿಕೆ. ಇ. ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ದತ್ತಾಂಶವನ್ನು ಕೋಷ್ಟಕಗಳಾಗಿ ವಿಂಗಡಿಸಿ, ಪ್ರತಿಯೊಂದು ಸಾಲನ್ನೂ ಅದಕ್ಕೇ ವಿಶಿಷ್ಟವಾದ ಪ್ರೈಮರಿ ಕೀಯಿಂದ ಗುರುತಿಸುವ ವ್ಯವಸ್ಥೆಯಿದೆ. ಒಂದು ಕೋಷ್ಟಕದ ಸಾಲು ಇನ್ನೊಂದು ಕೋಷ್ಟಕದ ಸಾಲನ್ನು ಸೂಚಿಸಬೇಕಾದಾಗ ಅದರ ಕೀಯನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಫಾರಿನ್ ಕೀ ಎಂದು ಹೆಸರು. ವಚನಗಳ ಸಂಚಯವನ್ನು ಕಲ್ಪಿಸಿಕೊಂಡರೆ ಮೂರು ಕೋಷ್ಟಕಗಳು ಸಾಕು. ‘ವಚನಕಾರ’ ಕೋಷ್ಟಕದಲ್ಲಿ ಐಡಿ, ಹೆಸರು, ಅಂಕಿತ. ‘ವಚನ’ ಕೋಷ್ಟಕದಲ್ಲಿ ಐಡಿ, ವಚನಕಾರರ ಐಡಿ, ಪಠ್ಯ. ‘ಪದ’ ಕೋಷ್ಟಕದಲ್ಲಿ ಪದ, ಅದು ಬರುವ ವಚನದ ಐಡಿ, ಸಾಲಿನ ಸಂಖ್ಯೆ. ಪಠ್ಯಗಳನ್ನು ಸಂಚಯಕ್ಕೆ ಸೇರಿಸುವ ಹಂತದಲ್ಲಿ ತಂತ್ರಾಂಶವು ವಚನದ ಕೊನೆಯ ಅಂಕಿತವನ್ನು ಓದಿ, ‘ವಚನಕಾರ’ ಕೋಷ್ಟಕದಲ್ಲಿ ಹುಡುಕಿ, ಸಿಕ್ಕ ಐಡಿಯನ್ನು ವಚನಕ್ಕೆ ಸೇರಿಸುತ್ತದೆ. ಸಿಗದಿದ್ದರೆ ಆ ಜಾಗ ಬರಿದಾಗಿ ಉಳಿಯುತ್ತದೆ. ಈ ಬರಿದಾದ ಸ್ಥಿತಿಗೆ ‘ನಲ್’ ಎಂದು ಹೆಸರು.

3. ದೋಷದ ಲಕ್ಷಣ

ಈ ದೋಷದ ಮುಖ್ಯ ಲಕ್ಷಣ ಅದರ ಮೌನ. ತಂತ್ರಾಂಶ ನಿಲ್ಲುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎಸ್‌ಕ್ಯೂಎಲ್ ಭಾಷೆಯಲ್ಲಿ ನಲ್ ಎಂದರೆ ಸೊನ್ನೆಯಲ್ಲ, ಖಾಲಿ ಅಕ್ಷರಮಾಲೆಯೂ ಅಲ್ಲ, ‘ತಿಳಿಯದು’ ಎಂದರ್ಥ. ನಲ್ ಅನ್ನು ಯಾವುದರೊಡನೆ ಹೋಲಿಸಿದರೂ ಬರುವ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ; ‘ತಿಳಿಯದು’ ಎಂದೇ. ಇನ್ನೊಂದು ನಲ್‌ನೊಡನೆ ಹೋಲಿಸಿದರೂ ಹೀಗೆಯೇ. ಎರಡು ಕೋಷ್ಟಕಗಳನ್ನು ಐಡಿಯ ಮೂಲಕ ಬೆಸೆಯುವ ಸಾಮಾನ್ಯ ಜಾಯಿನ್ ಕ್ರಿಯೆಯಲ್ಲಿ ‘ಹೌದು’ ಎಂಬ ಉತ್ತರ ಬಂದ ಸಾಲುಗಳು ಮಾತ್ರ ಉಳಿಯುತ್ತವೆ. ಐಡಿ ಇಲ್ಲದ ವಚನ ಫಲಿತಾಂಶದಿಂದ ಸದ್ದಿಲ್ಲದೆ ಜಾರಿಬಿಡುತ್ತದೆ.

ಇದರ ಪರಿಣಾಮವನ್ನು ಊಹಾತ್ಮಕ ಲೆಕ್ಕವೊಂದರಿಂದ ಅರಿಯಬಹುದು. ಸಂಚಯದಲ್ಲಿ 1,000 ವಚನಗಳಿದ್ದು ಅವುಗಳಲ್ಲಿ 50ಕ್ಕೆ ಕರ್ತೃವಿನ ಐಡಿ ಇಲ್ಲವೆಂದು ಭಾವಿಸೋಣ. ಒಟ್ಟಿನ ಮೇಲೆ ನಷ್ಟ ಶೇ. 5 ಮಾತ್ರ. ಆದರೆ ಆ 50 ವಚನಗಳೂ 125 ವಚನಗಳಿರುವ ಒಬ್ಬರೇ ವಚನಕಾರರವಾಗಿದ್ದರೆ ಅವರ ಮಟ್ಟಿಗೆ ನಷ್ಟ ಶೇ. 40. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಅಂಕಿತ ಯಾವಾಗಲೂ ಒಂದೇ ರೂಪದಲ್ಲಿ ಬರುವುದಿಲ್ಲ. ‘ಕೂಡಲಸಂಗಮದೇವಾ’ ಎಂಬ ಸಂಬೋಧನೆ, ‘ಕೂಡಲಸಂಗಮದೇವಯ್ಯ’ ಎಂಬ ರೂಪ, ವಿಭಕ್ತಿ ಪ್ರತ್ಯಯ ಸೇರಿದ ರೂಪ ಎಲ್ಲವೂ ಉಂಟು. ತಂತ್ರಾಂಶವು ಮೂಲರೂಪವನ್ನು ಮಾತ್ರ ಗುರುತಿಸುವಂತಿದ್ದರೆ ಸಂಬೋಧನೆಯ ವಚನಗಳೇ ಆಯ್ದು ಹೊರಗುಳಿಯುತ್ತವೆ. ಅಂತಹ ಸಂಚಯದ ಆಧಾರದಿಂದ ವಚನಗಳಲ್ಲಿ ಸಂಬೋಧನೆಯ ಸ್ವರೂಪವನ್ನು ಕುರಿತು ಯಾರಾದರೂ ನಿರ್ಣಯಕ್ಕೆ ಬಂದರೆ, ಆ ನಿರ್ಣಯ ಪಠ್ಯದ ಗುಣವನ್ನಲ್ಲ, ತಂತ್ರಾಂಶದ ದೋಷವನ್ನೇ ವರ್ಣಿಸಿದಂತಾಗುತ್ತದೆ. ದಾಖಲೆಗಳು ಯಾದೃಚ್ಛಿಕವಾಗಿ ಕಳೆದುಹೋದರೆ ಅನುಪಾತ ಹೆಚ್ಚು ಕೆಡುವುದಿಲ್ಲ; ಒಂದೇ ಬಗೆಯವು ಕಳೆದುಹೋದರೆ ವಾದದ ಬುಡವೇ ಅಲುಗುತ್ತದೆ.

4. ಶೋಧನೆಯ ಕ್ರಮ

ದೋಷಶೋಧನೆಯನ್ನು ಊಹೆಯಿಂದ ಆರಂಭಿಸಬಾರದು, ಎಣಿಕೆಯಿಂದ ಆರಂಭಿಸಬೇಕು. ಸಂಚಯದ ಒಟ್ಟು ವಚನಗಳ ಸಂಖ್ಯೆಯನ್ನು ಒಮ್ಮೆ, ವಚನಕಾರರ ಪ್ರಕಾರ ವಿಂಗಡಿಸಿದ ಸಂಖ್ಯೆಗಳ ಮೊತ್ತವನ್ನು ಇನ್ನೊಮ್ಮೆ ಪಡೆದು ಹೋಲಿಸುವುದು ಮೊದಲ ಹೆಜ್ಜೆ. ಎರಡೂ ಸಮವಾಗದಿದ್ದರೆ ವ್ಯತ್ಯಾಸದಷ್ಟು ದಾಖಲೆಗಳ ಕೊಂಡಿ ಕಳಚಿದೆ ಎಂದು ತಿಳಿಯಬೇಕು. ಇಲ್ಲಿ ಎಣಿಸುವ ಬಗೆಯಲ್ಲಿಯೂ ಎಚ್ಚರ ಬೇಕು. ಎಸ್‌ಕ್ಯೂಎಲ್‌ನಲ್ಲಿ ಸಾಲುಗಳನ್ನು ಎಣಿಸುವುದು ಬೇರೆ, ಒಂದು ಅಂಕಣದ ಬೆಲೆಗಳನ್ನು ಎಣಿಸುವುದು ಬೇರೆ. ಎರಡನೆಯ ಬಗೆಯ ಎಣಿಕೆ ನಲ್‌ಗಳನ್ನು ಬಿಟ್ಟುಬಿಡುತ್ತದೆ.

ಎರಡನೆಯ ಹೆಜ್ಜೆ ಕಳೆದ ದಾಖಲೆಗಳ ಪಟ್ಟಿ ಮಾಡುವುದು. ಲೆಫ್ಟ್ ಜಾಯಿನ್ ಎಂಬ ಕ್ರಿಯೆ ಜೊತೆ ಸಿಗದ ಸಾಲುಗಳನ್ನೂ ಉಳಿಸಿಕೊಳ್ಳುವುದರಿಂದ, ವಚನಕಾರರ ಐಡಿ ದೊರೆಯದ ವಚನಗಳನ್ನು ಅದರ ಮೂಲಕ ಪ್ರತ್ಯೇಕಿಸಬಹುದು. ‘ಈ ಪಟ್ಟಿಯಲ್ಲಿ ಇಲ್ಲದವು’ ಎಂದು ಕೇಳುವ ‘ನಾಟ್ ಇನ್’ ಪ್ರಯೋಗ ಸರಳವಾಗಿ ಕಂಡರೂ ಅಪಾಯಕಾರಿ. ವಚನಕಾರರ ಐಡಿಗಳ ಪಟ್ಟಿಯಲ್ಲಿ ಒಂದೇ ಒಂದು ನಲ್ ಸೇರಿಕೊಂಡಿದ್ದರೂ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಯಾವ ಸಾಲಿಗೂ ಬಾರದು, ಫಲಿತಾಂಶ ಶೂನ್ಯವಾಗುತ್ತದೆ. ದೋಷವನ್ನು ಹುಡುಕಲು ಹೊರಟ ಪ್ರಶ್ನೆಯೇ ಅದೇ ದೋಷಕ್ಕೆ ಸಿಕ್ಕಿ ‘ಏನೂ ತಪ್ಪಿಲ್ಲ’ ಎಂಬ ಹುಸಿ ಸಮಾಧಾನವನ್ನು ಕೊಡುತ್ತದೆ.

ಮೂರನೆಯದು ದೋಷದ ಸ್ಥಾನವನ್ನು ನಿರ್ಣಯಿಸುವುದು. ಪಠ್ಯವು ಮೂಲಕಡತದಿಂದ ಫಲಿತಾಂಶದವರೆಗೆ ನಾಲ್ಕು ಹಂತಗಳನ್ನು ದಾಟುತ್ತದೆ: ಸಂಚಯಕ್ಕೆ ಸೇರುವುದು, ಅಂಕಿತದ ಹೋಲಿಕೆ, ಪದಸೂಚಿಯ ರಚನೆ, ಬಳಕೆದಾರನ ಪ್ರಶ್ನೆ. ನಡುವಿನ ಹಂತವೊಂದರಲ್ಲಿ ನಿಂತು ಅಲ್ಲಿಯವರೆಗೆ ಎಲ್ಲವೂ ಸರಿಯಿದೆಯೇ ಎಂದು ನೋಡಿದರೆ ದೋಷ ಹಿಂದಿದೆಯೋ ಮುಂದಿದೆಯೋ ತಿಳಿಯುತ್ತದೆ. ದಾಖಲೆಗಳ ವಿಷಯದಲ್ಲಿಯೂ ಇದೇ ಅರ್ಧಿಸುವ ವಿಧಾನ ಅನ್ವಯಿಸುತ್ತದೆ. ಸೇರ್ಪಡೆಯನ್ನೇ ಕೆಡಿಸುವ ಒಂದು ದಾಖಲೆ 1,024 ದಾಖಲೆಗಳ ನಡುವೆ ಇದ್ದರೆ, ಪ್ರತಿಸಲವೂ ಅರ್ಧದಷ್ಟನ್ನು ಮಾತ್ರ ಸೇರಿಸಿ ಪರೀಕ್ಷಿಸುತ್ತ ಹೋದರೆ 10 ಪರೀಕ್ಷೆಗಳಲ್ಲಿ ಅದು ಸಿಗುತ್ತದೆ.

ನಾಲ್ಕನೆಯದು ಪುನರಾವರ್ತನೆ. ಸಿಕ್ಕ ದಾಖಲೆಯನ್ನು ಮಾತ್ರ ಇಟ್ಟುಕೊಂಡು ಹೊಸ ಸಣ್ಣ ಸಂಚಯದಲ್ಲಿ ಅದೇ ದೋಷವನ್ನು ಬರಿಸಲು ಸಾಧ್ಯವಾಗಬೇಕು. ಸಾಧ್ಯವಾಗದಿದ್ದರೆ ಕಾರಣ ಬೇರೆಡೆ ಇದೆ ಎಂದರ್ಥ. ಗ್ರಂಥಸಂಪಾದನೆಯಲ್ಲಿ ಸಮಾನದೋಷಗಳ ಆಧಾರದಿಂದ ಪ್ರತಿಗಳ ವಂಶಾವಳಿಯನ್ನು ಕಟ್ಟುವ ಕ್ರಮ ಇಲ್ಲಿ ಸಹಾಯಕ್ಕೆ ಬರುತ್ತದೆ. ಕಾರ್ಲ್ ಲಾಖ್‌ಮನ್‌ರ ಹೆಸರಿನೊಡನೆ ಸೇರಿರುವ ಈ ವಿಧಾನದ ಪ್ರಕಾರ, ಒಂದೇ ತಪ್ಪನ್ನು ಹಂಚಿಕೊಂಡ ಪ್ರತಿಗಳು ಸಾಮಾನ್ಯವಾಗಿ ಒಂದೇ ಮೂಲದಿಂದ ಬಂದವು. ಕಳೆದ ದಾಖಲೆಗಳೆಲ್ಲ ಒಂದೇ ಕಡತದಿಂದಲೋ ಒಂದೇ ಪರಿವರ್ತಕದಿಂದಲೋ ಬಂದವೇ ಎಂದು ನೋಡುವುದು ಇದೇ ತರ್ಕದ ಅನ್ವಯ.

5. ದೋಷದ ಕಾರಣಗಳು

ಕಾರಣಗಳನ್ನು ಲಿಪಿಮೂಲ, ಪಠ್ಯಮೂಲ, ರಚನಾಮೂಲ ಎಂದು ಮೂರು ಬಗೆಯಾಗಿ ವಿಂಗಡಿಸಬಹುದು.

5.1 ಲಿಪಿಮೂಲ ಕಾರಣಗಳು: ಕನ್ನಡದ ಮಟ್ಟಿಗೆ ಅತ್ಯಂತ ಫಲವತ್ತಾದ ಕ್ಷೇತ್ರ ಇದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ದಶಮಾನದ 3200ರಿಂದ 3327ರವರೆಗಿನ ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬರಹಗಳು ಗಣಕಕ್ಕೆ ಬೇರೆ ಬೇರೆಯಾಗಿರಬಹುದು. ‘ಗುಹೇಶ್ವರ’ದ ‘ಹೇ’ ಎಂಬಲ್ಲಿಯ ಏತ್ವದ ದೀರ್ಘವನ್ನು 3271 ಎಂಬ ಒಂದೇ ಸಂಕೇತದಿಂದ ಬರೆಯಬಹುದು. 3270 (ಎತ್ವ) ಮತ್ತು 3285 (ದೀರ್ಘಚಿಹ್ನೆ) ಎಂಬ ಎರಡರಿಂದಲೂ ಬರೆಯಬಹುದು. ಯುಟಿಎಫ್-8 ಕ್ರಮದಲ್ಲಿ ಮೊದಲನೆಯ ‘ಹೇ’ 6 ಬೈಟ್‌ಗಳನ್ನೂ ಎರಡನೆಯದು 9 ಬೈಟ್‌ಗಳನ್ನೂ ತೆಗೆದುಕೊಳ್ಳುತ್ತದೆ. ಬೈಟ್‌ಗಳನ್ನು ಹೋಲಿಸುವ ತಂತ್ರಾಂಶಕ್ಕೆ ಇವು ಎರಡು ಅಂಕಿತಗಳು. ಈ ಸ್ಥಿತಿ ಈತ್ವ, ಏತ್ವ, ಐತ್ವ, ಒತ್ವ, ಓತ್ವ ಎಂಬ ಐದು ಚಿಹ್ನೆಗಳಿಗೂ ಉಂಟು. ಯೂನಿಕೋಡ್ ಇವನ್ನು ಸಮಾನವೆಂದು ಘೋಷಿಸಿ, ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣ ಕ್ರಮವನ್ನೂ ಕೊಟ್ಟಿದೆ. ಅದನ್ನು ಅನ್ವಯಿಸುವುದು ತಂತ್ರಾಂಶ ರಚಿಸಿದವರ ಹೊಣೆ.

ಸಾಮಾನ್ಯೀಕರಣದಿಂದ ಸರಿಹೋಗದ ದೋಷಗಳೂ ಇವೆ. ಅನುಸ್ವಾರದ (3202) ಬದಲು ಕನ್ನಡದ ಸೊನ್ನೆಯನ್ನು (3302) ಒತ್ತುವ ಅಭ್ಯಾಸ ಬೆರಳಚ್ಚಿನಲ್ಲಿ ಪರಿಚಿತವಾದುದು. ‘ಕೂಡಲಸ೦ಗಮದೇವ’ ಎಂದು ಸೊನ್ನೆಯಿಂದ ಬರೆದುದಕ್ಕೂ ‘ಕೂಡಲಸಂಗಮದೇವ’ ಎಂದು ಅನುಸ್ವಾರದಿಂದ ಬರೆದುದಕ್ಕೂ ಇರುವ ಭೇದ ಓದುಗನಿಗೆ ಸುಲಭವಾಗಿ ತಿಳಿಯದು. ಗಣಕಕ್ಕೆ ಮಾತ್ರ ಒಂದು ಅಕ್ಷರ, ಇನ್ನೊಂದು ಅಂಕಿ. ಅಕ್ಷರಗಳ ಕೂಡಿಕೆಯನ್ನು ನಿಯಂತ್ರಿಸುವ 8204 ಮತ್ತು 8205 ಎಂಬ ಅದೃಶ್ಯ ಸಂಕೇತಗಳು ಪದದ ನಡುವೆಯೋ ಕೊನೆಯಲ್ಲಿಯೋ ಉಳಿದರೂ ಹೋಲಿಕೆ ತಪ್ಪುತ್ತದೆ.

ಯೂನಿಕೋಡ್‌ಗೆ ಮೊದಲಿನ ಫಾಂಟ್ ಆಧಾರಿತ ಕಡತಗಳನ್ನು ಪರಿವರ್ತಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲಿ, ಎಂದರೆ ವ್ಯಂಜನದ ನಂತರ, ಸಂಗ್ರಹವಾಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇದನ್ನು ಹಿಂದಕ್ಕೆ ಸರಿಸದಿದ್ದರೆ ‘ಕಾರ್ಯಕ್ರಮ’ ‘ಕಾಯರ್ಕ್ರಮ’ವಾಗುತ್ತದೆ, ‘ಮಲ್ಲಿಕಾರ್ಜುನ’ ‘ಮಲ್ಲಿಕಾಜುರ್ನ’ವಾಗುತ್ತದೆ. ಪರಿಣಾಮವಾಗಿ ಅಕ್ಕಮಹಾದೇವಿಯ ಮತ್ತು ಸಿದ್ಧರಾಮನ ವಚನಗಳಿಗೆ ಐಡಿ ದೊರೆಯದು; ಅಂಕಿತದಲ್ಲಿ ಅರ್ಕಾವತ್ತು ಇಲ್ಲದ ಬಸವಣ್ಣನವರ ವಚನಗಳಿಗೆ ದೊರೆಯುತ್ತದೆ. ನಷ್ಟವು ಕರ್ತೃವನ್ನು ಆಯ್ದುಕೊಳ್ಳುವ ಪರಿ ಇಲ್ಲಿ ಸ್ಪಷ್ಟ.

5.2 ಪಠ್ಯಮೂಲ ಕಾರಣಗಳು: ಇಲ್ಲಿ ಗಣಕದ ತಪ್ಪಿಲ್ಲ. ಅಂಕಿತಕ್ಕೇ ಪಾಠಾಂತರಗಳುಂಟು, ‘ಗುಹೇಶ್ವರ’, ‘ಗೊಹೇಶ್ವರ’ ಎಂಬ ಎರಡೂ ರೂಪಗಳು ವಿದ್ವಾಂಸರಿಗೆ ತಿಳಿದವೇ. ಅಂಕಿತ ಉಳಿದು ಕರ್ತೃವಿನ ಹೆಸರು ತಿಳಿಯದ ವಚನಗಳೂ ಇವೆ. ಇಂತಹ ಕಡೆ ಐಡಿ ಇಲ್ಲದಿರುವುದು ದೋಷವಲ್ಲ, ವಾಸ್ತವ.

5.3 ರಚನಾಮೂಲ ಕಾರಣಗಳು: ಸಣ್ಣ ಸಂಶೋಧನ ಸಂಚಯಗಳಿಗೆ ಅನುಕೂಲವಾದ ಎಸ್‌ಕ್ಯೂಲೈಟ್ ಎಂಬ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಅಕ್ಷರರೂಪದ ಪ್ರೈಮರಿ ಕೀಯನ್ನು ಇಟ್ಟು, ಅದು ನಲ್ ಆಗಬಾರದೆಂದು ಪ್ರತ್ಯೇಕವಾಗಿ ವಿಧಿಸದಿದ್ದರೆ ಸಾಮಾನ್ಯ ಕೋಷ್ಟಕವು ನಲ್ ಅನ್ನು ಸ್ವೀಕರಿಸುತ್ತದೆ. ಇದು ಆರಂಭದ ಆವೃತ್ತಿಗಳಿಂದ ಉಳಿದ ತಪ್ಪೆಂದು, ಹಳೆಯ ಸಂಚಯಗಳು ಕೆಡಬಾರದೆಂಬ ಕಾರಣದಿಂದ ತಿದ್ದಿಲ್ಲವೆಂದು ಅದರ ಅಧಿಕೃತ ವಿವರಣೆಯೇ ಒಪ್ಪುತ್ತದೆ. ಫಾರಿನ್ ಕೀಯ ಪರಿಶೀಲನೆಯೂ ಪೂರ್ವನಿಯೋಜಿತವಾಗಿ ಸುಮ್ಮನಿರುತ್ತದೆ. ಸಂಚಯವನ್ನು ತೆರೆದ ಪ್ರತಿಸಲವೂ ಅದನ್ನು ಜಾಗೃತಗೊಳಿಸಬೇಕು. ಜಾಗೃತಗೊಳಿಸಿದರೂ ಅದು ತಪ್ಪು ಐಡಿಯನ್ನು ತಡೆಯುತ್ತದೆಯೇ ಹೊರತು ನಲ್ ಅನ್ನು ತಡೆಯುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ತಾನಾಗಿ ಬೆಳೆಯುವ ಪೂರ್ಣಾಂಕದ ಐಡಿಯಲ್ಲಿ, ಪುನರ್ಬಳಕೆಯನ್ನು ತಡೆಯುವ ವಿಧಿಯನ್ನು ಸೇರಿಸದಿದ್ದರೆ, ಅತಿ ದೊಡ್ಡ ಐಡಿಯ ದಾಖಲೆಯನ್ನು ಅಳಿಸಿ ಹೊಸದನ್ನು ಸೇರಿಸಿದಾಗ ಅದೇ ಐಡಿ ಹೊಸ ದಾಖಲೆಗೆ ಬರುತ್ತದೆ. ಆಗ ಹಳೆಯ ಪದಗಳು ಹೊಸ ವಚನದ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ.

6. ಪರಿಹಾರದ ವಿವೇಕ

ದೋಷ ಸಿಕ್ಕಿದ ಕೂಡಲೇ ಬರಿದಾದ ಜಾಗಗಳನ್ನು ತುಂಬುವ ಆತುರ ಸಹಜ. ಇಲ್ಲಿಯೇ ಸಂಪಾದಕನ ಸಂಯಮ ಅಗತ್ಯ. ಹೋಲಿಕೆಯನ್ನು ಸಡಿಲಿಸಿ ‘ಮಲ್ಲಿಕಾರ್ಜುನ’ ಎಂಬ ಭಾಗ ಇದ್ದರೆ ಸಾಕು ಎಂದು ಇಟ್ಟುಕೊಂಡರೆ ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’ವೂ ಸಿದ್ಧರಾಮನ ‘ಕಪಿಲಸಿದ್ಧಮಲ್ಲಿಕಾರ್ಜುನ’ವೂ ಒಂದಾಗಿಬಿಡುತ್ತವೆ. ಅಂಕಿತದ ಆದಿ ಅಂತ್ಯಗಳನ್ನಷ್ಟೇ ಹೋಲಿಸಿದರೆ ಬಸವಣ್ಣನವರ ‘ಕೂಡಲಸಂಗಮದೇವ’ವೂ ಚೆನ್ನಬಸವಣ್ಣನವರ ‘ಕೂಡಲಚೆನ್ನಸಂಗಮದೇವ’ವೂ ಬೆರೆಯುತ್ತವೆ. ಆಗ ಎಣಿಕೆ ಸರಿಹೋಗುತ್ತದೆ, ಕರ್ತೃತ್ವ ಕೆಡುತ್ತದೆ. ಐಡಿ ಇಲ್ಲದ ದಾಖಲೆಯನ್ನು ಎಣಿಕೆಯಿಂದ ಪತ್ತೆಹಚ್ಚಬಹುದು; ತಪ್ಪು ಐಡಿ ಪಡೆದ ದಾಖಲೆಯನ್ನು ಯಾವ ಎಣಿಕೆಯೂ ತೋರಿಸದು. ಓಲೆಯಲ್ಲಿ ಅಕ್ಷರ ತ್ರುಟಿತವಾದೆಡೆ ಚುಕ್ಕಿಗಳನ್ನಿಟ್ಟು, ಊಹಾಪಾಠವನ್ನು ಕಂಸದಲ್ಲಿ ಸೂಚಿಸುವ ಸಂಪಾದಕರ ಪದ್ಧತಿಯ ಹಿಂದೆ ಇರುವ ವಿವೇಕ ಇದೇ.

ಈ ದೃಷ್ಟಿಯಿಂದ ಕೆಲವು ತತ್ತ್ವಗಳನ್ನು ಸೂಚಿಸಬಹುದು.

(ಅ) ಆಕರದಲ್ಲಿದ್ದ ಪಠ್ಯವನ್ನು ಇದ್ದಂತೆಯೇ ಉಳಿಸಬೇಕು. ಹೋಲಿಕೆಗಾಗಿ ಸಾಮಾನ್ಯೀಕರಿಸಿದ ಶೋಧರೂಪವನ್ನು ಪ್ರತ್ಯೇಕ ಅಂಕಣದಲ್ಲಿ ಇಡಬೇಕು. ಸೊನ್ನೆಯನ್ನು ಅನುಸ್ವಾರವಾಗಿಸುವುದು, ಅದೃಶ್ಯ ಸಂಕೇತಗಳನ್ನು ತೆಗೆಯುವುದು ಶೋಧರೂಪದಲ್ಲಿ ಮಾತ್ರ ನಡೆಯಬೇಕು.

(ಆ) ಅಂಕಿತವನ್ನೇ ಐಡಿಯಾಗಿ ಬಳಸಬಾರದು. ಅರ್ಥವಿಲ್ಲದ ಸಂಖ್ಯೆ ಐಡಿಯಾಗಿದ್ದು, ಅಂಕಿತದ ರೂಪಭೇದಗಳು ಪ್ರತ್ಯೇಕ ಕೋಷ್ಟಕದಲ್ಲಿ ಅದಕ್ಕೆ ಜೋಡಣೆಗೊಂಡಿರಬೇಕು. ಅರ್ಥ ಬದಲಾದರೂ ಸಂಖ್ಯೆ ನಿಲ್ಲುತ್ತದೆ ಎಂಬುದಕ್ಕೆ ಯೂನಿಕೋಡ್‌ನಲ್ಲಿಯೇ ನಿದರ್ಶನವಿದೆ. ಹಳಗನ್ನಡದ ‘ೞ’ಕಾರಕ್ಕೆ 3294ನೆಯ ಸ್ಥಾನದಲ್ಲಿ ‘ಎಫ್ಎ’ ಎಂಬ ತಪ್ಪು ಹೆಸರು ಸೇರಿಹೋಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ದಾಖಲಿಸಲಾಗಿದೆ. ಹೆಸರು ತಪ್ಪಿದ್ದರೂ ‘ೞ’ಕಾರವನ್ನುಳ್ಳ ಒಂದು ಪಠ್ಯವೂ ಅದರಿಂದ ಕೆಡಲಿಲ್ಲ, ಪಠ್ಯದಲ್ಲಿ ಇರುವುದು ಸಂಖ್ಯೆ ಮಾತ್ರ.

(ಇ) ಕರ್ತೃ ತಿಳಿಯದ ವಚನಕ್ಕೂ ಹೋಲಿಕೆ ತಪ್ಪಿದ ವಚನಕ್ಕೂ ಒಂದೇ ನಲ್ ಇರಬಾರದು. ‘ಕರ್ತೃ ಅಜ್ಞಾತ’, ‘ಪರಿಶೀಲನೆ ಬಾಕಿ’ ಎಂಬ ಸ್ಥಿತಿಗಳನ್ನು ಬೇರೆ ಅಂಕಣದಲ್ಲಿ ಬರೆಯಬೇಕು. ಐಡಿಯನ್ನು ಅಂಕಿತದ ಆಧಾರದಿಂದ ಕೊಟ್ಟಿದೆಯೋ ಸಂಪಾದಕರ ನಿರ್ಣಯದಿಂದ ಕೊಟ್ಟಿದೆಯೋ ಎಂಬುದೂ ದಾಖಲಾಗಬೇಕು.

(ಈ) ದೋಷವನ್ನು ಅದು ಹುಟ್ಟಿದ ಹಂತದಲ್ಲಿಯೇ ತಿದ್ದಬೇಕು. ಅರ್ಕಾವತ್ತಿನ ತಪ್ಪನ್ನು ಪರಿವರ್ತಕದಲ್ಲಿ ಸರಿಪಡಿಸದೆ ಫಲಿತಾಂಶದಲ್ಲಿ ತಿದ್ದಿದರೆ ಮುಂದಿನ ಕಡತದಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ತಿದ್ದಿದ ಮೇಲೆ, ದೋಷವನ್ನು ತೋರಿಸಿದ ಸಣ್ಣ ಸಂಚಯವನ್ನು ಪರೀಕ್ಷೆಯಾಗಿ ಉಳಿಸಿಕೊಂಡು, ತಂತ್ರಾಂಶ ಬದಲಾದಾಗಲೆಲ್ಲ ನಡೆಸಬೇಕು.

7. ಉಪಸಂಹಾರ

ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಂದಿನಿಂದ ವಚನಗಳ ಸಂಗ್ರಹ, ಪರಿಷ್ಕರಣ, ಕರ್ತೃನಿರ್ಣಯಗಳಲ್ಲಿ ಹಲವು ತಲೆಮಾರುಗಳ ವಿದ್ವಾಂಸರು ತೊಡಗಿದ್ದಾರೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ‘ಸಮಗ್ರ ವಚನ ಸಂಪುಟ’ ಮಾಲೆಯ 15 ಸಂಪುಟಗಳು ಆ ಶ್ರಮದ ಫಲ. ಅಲ್ಲಿ ನಿರ್ಣಯಗೊಂಡ ಗುರುತುಗಳು ಗಣಕಕ್ಕೆ ಸಾಗುವ ದಾರಿಯಲ್ಲಿ ಒಂದು ಸೊನ್ನೆಯ ಅಥವಾ ಒಂದು ಅರ್ಕಾವತ್ತಿನ ಕಾರಣದಿಂದ ಕಳೆದುಹೋಗಬಾರದು. ಸಂಖ್ಯೆಗಳ ಆಧಾರದಿಂದ ವಾದಿಸುವ ಪ್ರಬಂಧಗಳು ಆಕರಗ್ರಂಥಗಳನ್ನು ಹೇಳುವಂತೆಯೇ, ಸಂಚಯದ ಒಟ್ಟು ದಾಖಲೆಗಳೆಷ್ಟು, ಕರ್ತೃವಿನೊಡನೆ ಜೋಡಣೆಗೊಂಡವೆಷ್ಟು, ಹೊರಗುಳಿದವೆಷ್ಟು, ಯಾವ ಕಾರಣದಿಂದ ಎಂಬುದನ್ನೂ ಹೇಳುವುದು ವಾಡಿಕೆಯಾಗಬೇಕು. ಪಾಠಾಂತರಗಳನ್ನು ಅಡಿಯಲ್ಲಿ ಕೊಡದ ಆವೃತ್ತಿಯನ್ನು ಶಾಸ್ತ್ರೀಯವೆಂದು ಒಪ್ಪದ ವಿದ್ವತ್ ಪರಂಪರೆ, ಹೊರಗುಳಿದ ದಾಖಲೆಗಳನ್ನು ಹೇಳದ ಎಣಿಕೆಯನ್ನೂ ಅದೇ ಮಾನದಂಡದಿಂದ ನೋಡಬೇಕಾಗಿದೆ.